ಪೈನ್ ತೋಪಿನಲ್ಲಿ ಒಂದು ಕ್ಯಾಮೆರಾ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ನಗರದ ಪಶ್ಚಿಮಕ್ಕೆ ಓಕಾ ಎಂಬ ಊರಿದೆ. ಅದರ ಮಗ್ಗುಲಲ್ಲೇ ಮೊಹಾಕ್ ಜನರ ನೆಲೆಯಾದ ಕಾನೆಸತಾಕೆ. ಅಲ್ಲಿನದು ಮರಳುಮಣ್ಣು. ಅದು ಜರಿಯದಿರಲೆಂದು 19ನೆಯ ಶತಮಾನದಲ್ಲಿ ನೆಟ್ಟ ಪೈನ್ ಸಸಿಗಳು ಬೆಳೆದು ದಟ್ಟವಾದ ತೋಪಾದುವು. ಬಳಿಯಲ್ಲೇ ಮೊಹಾಕರ ಪೂರ್ವಿಕರ ಸಮಾಧಿಗಳಿವೆ. 9 ಕುಳಿಗಳ ಗಾಲ್ಫ್ ಮೈದಾನವನ್ನು 18 ಕುಳಿಗಳಿಗೆ ಹಿಗ್ಗಿಸುವ ಸಲುವಾಗಿ ಈ ತೋಪನ್ನು ಕಡಿಯಲು 1990ರಲ್ಲಿ ಓಕಾದ ಪುರಸಭೆ ಮುಂದಾಯಿತು. ಕೆಲವರ ಆಟಕ್ಕಾಗಿ ಒಂದು ಜನಾಂಗದ ಸ್ಮಶಾನ!

ಮೊಹಾಕರು ದಾರಿಗೆ ಅಡ್ಡಗಟ್ಟೆ ಹಾಕಿದರು. ಜುಲೈ 11ರಂದು ಪೊಲೀಸರು ಏರಿಬಂದಾಗ ಗುಂಡು ಹಾರಿ, ಪೊಲೀಸನೊಬ್ಬ ಮಡಿದನು. ಬಳಿಕ ಸೈನ್ಯವೇ ಬಂದಿತು. 78 ದಿನಗಳ ಆ ಮುತ್ತಿಗೆಯ ಬಹುಪಾಲನ್ನು ಅಡ್ಡಗಟ್ಟೆಯ ಒಳಗಿದ್ದು ಚಿತ್ರೀಕರಿಸಿದವರು ಅಲಾನಿಸ್ ಒಬೊಮ್ಸಾವಿನ್. ಆಗ ಅವರ ವಯಸ್ಸು ಅರುವತ್ತರ ಸಮೀಪದಲ್ಲಿತ್ತು.

ಅವರು ಅಬೆನಾಕಿ ಎಂಬ ಮೂಲನಿವಾಸಿ ಜನಾಂಗದವರು. ಬಾಲ್ಯದಲ್ಲಿ ಅವರ ಶಾಲೆಯ ಚರಿತ್ರೆಯ ಪಾಠ ಅವರ ಜನರನ್ನು ಕಾಡುಮನುಷ್ಯರೆಂದೇ ವರ್ಣಿಸುತ್ತಿತ್ತು. ಆ ಪಾಠ ಮುಗಿದ ದಿನ ಸಹಪಾಠಿಗಳಿಂದ ಪೆಟ್ಟು ತಿನ್ನಬೇಕಾಗುತ್ತಿತ್ತು. ಪಠ್ಯಪುಸ್ತಕಕ್ಕೂ ಇಂತಹ ಶಕ್ತಿ ಇದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲು ಗಾಯಕಿಯೂ ಕಥೆಗಾರ್ತಿಯೂ ಆಗಿದ್ದ ಅವರು 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯನ್ನು ಸೇರಿದರು.

1981ರಲ್ಲಿ, ಸಾಲ್ಮನ್ ಮೀನಿನ ಸಂತತಿಯನ್ನು ಉಳಿಸಬೇಕೆಂಬ ಕಾರಣವನ್ನು ಮುಂದೊಡ್ಡಿ, ಕ್ವಿಬೆಕ್ ಸರ್ಕಾರ ರೆಸ್ಟಿಗೂಷ್‌ನ ಮಿಕ್ಮಾ ಜನರ ಬಲೆಗಳನ್ನು ಪೊಲೀಸರಿಂದ ಕಸಿಸಿತು. ನಿಸರ್ಗರಕ್ಷಣೆಯ ಮಾತು ಯಾರ ಬಾಯಿಂದ ಬರುತ್ತಿದೆಯೆಂಬುದನ್ನೂ ನೋಡಬೇಕಷ್ಟೆ. ಸ್ವಂತ ಸಂಸ್ಕೃತಿ, ಭಾಷೆ, ನೆಲ ಇಲ್ಲದವರು ಸಾರ್ವಭೌಮತ್ವ ಕೇಳಲಾಗದೆಂದು ಮಂತ್ರಿಯೊಬ್ಬರು ಆ ಜನರ ಮುಖಂಡನಿಗೆ ಹೇಳಿದ್ದರು. ಆಗ ಕ್ವಿಬೆಕ್ ತನಗೇ ಸಾರ್ವಭೌಮತ್ವ ಬೇಕೆಂದು ಕೇಳುತ್ತಿತ್ತು! 1984ರ ತಮ್ಮ ಚಿತ್ರದಲ್ಲಿ ಒಬೊಮ್ಸಾವಿನ್ ಆ ಮಂತ್ರಿಯನ್ನು ಎದುರಿಗೆ ಕೂರಿಸಿಕೊಂಡು ನೇರವಾಗಿ ಪ್ರಶ್ನಿಸುತ್ತಾರೆ.

ಕಾನೆಸತಾಕೆಯನ್ನು ಕುರಿತ ಚಿತ್ರ 1993ರಲ್ಲಿ ಹೊರಬಂದಿತು. ಅದರ ಹೆಸರಿನಲ್ಲೇ 270 ವರ್ಷಗಳ ಪ್ರತಿರೋಧವೆಂಬ ಮಾತಿದೆ. ಫ್ರಾನ್ಸಿನ ದೊರೆ ಆ ಪ್ರದೇಶವನ್ನು ಕ್ರೈಸ್ತ ಪಾದ್ರಿಗಳ ಸಂಘಕ್ಕೆ ದಾನವಿತ್ತದ್ದು 1717ರಲ್ಲಿ. ಅಂದಿನಿಂದ ನಡೆದ ನೆಲದ ವ್ಯಾಜ್ಯವನ್ನು ಅವರು ತಮ್ಮದೇ ಧ್ವನಿಯಲ್ಲಿ ಹೇಳುತ್ತಾರೆ. ಪತ್ರಿಕೆಗಳಿಗೆ ಬಂದೂಕುಗಳೇ ಸುದ್ದಿಯಾಗಿದ್ದಾಗ, ಒಳಗಿನವರ ಅಡುಗೆ, ನಗೆ, ಭಯಗಳು ಈ ಚಿತ್ರದಲ್ಲಿ ದಾಖಲಾದುವು.

ಮೈದಾನದ ವಿಸ್ತರಣೆ ನಿಂತಿತು. ತೋಪಿನ ನೆಲವನ್ನು ಕೇಂದ್ರ ಸರ್ಕಾರ ಕೊಂಡುಕೊಂಡಿತು. ಆದರೆ ಒಡೆತನದ ವ್ಯಾಜ್ಯ ಅದರಿಂದ ತೀರಲಿಲ್ಲ.