ಗಾಡಿಯ ಮೇಲಿರುವುದಕ್ಕೆ ಹೊಣೆ ಯಾರು?



ನಮ್ಮ ವಾಚನಾಲಯಕ್ಕೆ ಸಾಯಂಕಾಲ ತಪ್ಪದೆ ಬಂದು ಪತ್ರಿಕೆ ಓದುವ ಹಿರಿಯರೊಬ್ಬರ ಮಗನು ಅಮೆರಿಕದ ನ್ಯೂಜೆರ್ಸಿ ಎಂಬ ರಾಜ್ಯದಲ್ಲಿ ಕೆಲಸಕ್ಕಿದ್ದಾನೆ. ಕಳೆದ ಚಳಿಗಾಲದಲ್ಲಿ ಅವನು ಫೋನು ಮಾಡಿ, "ಅಪ್ಪಾ, ಇವತ್ತ ಕೆಲಸಕ್ಕ ಹೋಗೂದು ತಡಾ ಆತು. ಕಾರಿನ ಮ್ಯಾಲಿನ ಹಿಮಾ ಪೂರಾ ಬಳದು ತಗೀಬೇಕಾತು. ತಗೀಲಿಲ್ಲಾ ಅಂದ್ರ ಪೊಲೀಸರು ದಂಡಾ ಹಾಕ್ತಾರ" ಎಂದನಂತೆ. ಹಿರಿಯರು ಇದನ್ನು ನಮಗೆ ಹೇಳಿ, ಆಕಾಶದಿಂದ ಬಿದ್ದ ಹಿಮಕ್ಕೆ ಮನುಷ್ಯನಿಗೆ ದಂಡವೆಂದರೆ ಇದೆಂಥ ನ್ಯಾಯವೆಂದು ನಕ್ಕರು. ನಾವೂ ನಕ್ಕೆವು. ಮನೆಗೆ ಹೋಗುವಾಗ ದಾರಿಯಲ್ಲಿ ಅದೇ ಮಾತು ಮತ್ತೆ ನೆನಪಾಗಿ, ಇದರಲ್ಲಿ ನಗತಕ್ಕದ್ದೇನೂ ಇಲ್ಲವೆಂದು ತೋರಿತು. ಅದರ ಕಾರಣವನ್ನು ಮುಂದೆ ಹೇಳುವೆವು. ಈ ಸಲದ ಪಾಠ ಅದೇ ವಿಷಯವನ್ನು ಕುರಿತದ್ದು.

ಖಡಕಿಯಲ್ಲಿ ಹಿಮ ಬೀಳುವುದಿಲ್ಲ. ನಮ್ಮ ಊರಿನಲ್ಲಿ ಅದನ್ನು ಕಣ್ಣಾರೆ ಕಂಡವರೆಂದರೆ ಹೆಚ್ಚಾಗಿ ಇಲ್ಲಿಯ ಬಾಂಬೆ ಸ್ಯಾಪರ್ಸ್ ಕೇಂದ್ರದಿಂದ ಗಡಿಯ ಕಡೆಗೆ ಹೋಗಿ ಬಂದ ಸೈನಿಕರು. ಆದುದರಿಂದ ಮೊದಲು ಹಿಮದ ಸಂಗತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ರಾತ್ರಿ ಹಿಮ ಸುರಿದರೆ ಬೆಳಗಾಗುವುದರೊಳಗೆ ಹೊರಗೆ ನಿಲ್ಲಿಸಿದ ಮೋಟಾರಿನ ಮೇಲೆ ಗೇಣುದ್ದ ಕೂಡುವುದುಂಟು. ನೋಡಲು ಅರಳೆಯಂತೆ ಹಗುರ. ಆದರೆ ಹಗಲಿನ ಬಿಸಿಲಿಗೆ ಅಷ್ಟಿಷ್ಟು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿತೆಂದರೆ ಅದು ಕಲ್ಲುಚಪ್ಪಡಿಯಂಥ ಬರ್ಫದ ಹಲಗೆಯಾಗುತ್ತದೆ. ಅಲ್ಲಿಯ ದೊಡ್ಡ ಟ್ರಕ್ಕುಗಳ ಮೇಲ್ಛಾವಣಿ ನೆಲದಿಂದ ಸುಮಾರು 4 ಮೀಟರು ಎತ್ತರವಿರುತ್ತದೆ. ಅದರ ಮೇಲೆ ಏನಿದೆಯೆಂಬುದು ಕೆಳಗೆ ನಿಂತ ಚಾಲಕನಿಗೆ ಕಾಣದು. ರಸ್ತೆಗಿಳಿದು ವೇಗ ಏರಿದೊಡನೆ ಗಾಳಿಯು ಆ ಹಲಗೆಯ ಕೆಳಗೆ ನುಗ್ಗಿ, ಅದನ್ನು ಎತ್ತಿ, ಹಿಂದೆ ಬರುವವರ ಗಾಜಿನ ಮೇಲೆ ಒಗೆಯುತ್ತದೆ. ಚಿಕ್ಕ ಕಾರಿನಲ್ಲಿ ಇನ್ನೊಂದು ಬಗೆಯ ಅಪಾಯ. ಬ್ರೇಕು ಒತ್ತಿದಾಗ ಮಾಳಿಗೆಯ ಮೇಲಿನ ಹಿಮವು ಮುಂದಿನ ಗಾಜಿನ ಮೇಲೆ ಜಾರಿ, ತನ್ನ ಚಾಲಕನ ಕಣ್ಣನ್ನೇ ಕಟ್ಟಿಬಿಡುತ್ತದೆ.

ನ್ಯೂಜೆರ್ಸಿಯ ಕಾಯಿದೆ 2010ರಲ್ಲಿ ಜಾರಿಗೆ ಬಂದಿತು. ಗಾಡಿಯ ಮೇಲಿನ ಹಿಮವನ್ನೂ ಬರ್ಫವನ್ನೂ ತೆಗೆಯಲು ಚಾಲಕನು ತಕ್ಕ ಪ್ರಯತ್ನ ಮಾಡಿರಬೇಕು. ಮಾಡದಿದ್ದರೆ 25ರಿಂದ 75 ಡಾಲರು ದಂಡ. ಯಾರ ಮೇಲೂ ಏನೂ ಬೀಳದಿದ್ದರೂ ಈ ದಂಡ ತಪ್ಪದು. ಬಿದ್ದು ಗಾಯವೋ ನಷ್ಟವೋ ಆದರೆ ಅದು ಬಹಳ ಹೆಚ್ಚಾಗುತ್ತದೆ. ನೆರೆಯ ಪೆನ್ಸಿಲ್ವೇನಿಯಾದ ಕಥೆ ದುಃಖದ್ದು. 2005ರ ಕ್ರಿಸ್ಮಸ್ ದಿನ ಟ್ರಕ್ಕಿನಿಂದ ಹಾರಿದ ಬರ್ಫದ ತುಂಡು ಕಾರಿನ ಗಾಜನ್ನು ಒಡೆದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ಆ ಬಳಿಕವೂ ಎಷ್ಟೋ ವರ್ಷ ಅಲ್ಲಿ ಇದ್ದ ನಿಯಮವು, ಬರ್ಫ ಬಿದ್ದು ಸಾವು ಅಥವಾ ಭಾರಿ ಗಾಯ ಆದ ಮೇಲಷ್ಟೇ ದಂಡ ಹಾಕುವಂಥದಾಗಿತ್ತು. ಹಿಮ ಸುರಿದು ನಿಂತ 24 ತಾಸಿನೊಳಗೆ ಗಾಡಿಯನ್ನು ಶುಚಿಮಾಡಲು ಪ್ರಯತ್ನಿಸಬೇಕೆಂಬ ಕಾಯಿದೆ ಬಂದದ್ದು 2022ರಲ್ಲಿ. ರಕ್ತ ಬಿದ್ದ ಮೇಲೆ ಕೇಳುವ ಕಾಯಿದೆಗೂ ಬೀಳುವ ಮೊದಲು ಕೇಳುವ ಕಾಯಿದೆಗೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ನಮ್ಮ ನಗೆ ನಿಂತದ್ದು ಈ ಅಂತರವು ತಿಳಿದ ಮೇಲೆಯೇ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವೂ ಹೊರಡುವ ಮೊದಲೇ ಎಲ್ಲ ಗಾಜುಗಳನ್ನು, ದೀಪಗಳನ್ನು, ನಂಬರಿನ ಫಲಕವನ್ನು ಒರೆಸಿ, ಬೇರೆಯವರ ದಾರಿಯಲ್ಲಿ ಬೀಳಬಹುದಾದ ಹಿಮವನ್ನು ತೆಗೆದು ಹೊರಡಿರೆಂದು ಹೇಳುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಹಿಮವಾದರೋ ತಾನಾಗಿ ಬಂದು ಬೀಳುವುದು. ನಮ್ಮ ಗಾಡಿಗಳ ಮೇಲಿರುವುದನ್ನು ನಾವೇ ಏರಿಸಿರುತ್ತೇವೆ. ಹಳೆಯ ಮುಂಬಯಿ ರಸ್ತೆಯಲ್ಲಿ ಬೋಪೋಡಿಯಿಂದ ದಾಪೋಡಿಯ ಹ್ಯಾರಿಸ್ ಸೇತುವೆಯ ತನಕ ಅರ್ಧ ತಾಸು ನಿಂತು ನೋಡಿದರೆ ಸಾಕು. ತಾಡಪತ್ರಿ ಹೊದಿಸದ ಮರಳಿನ ಲಾರಿ ಹೋಗುತ್ತಿರುತ್ತದೆ; ಹಿಂದಿನ ಸೈಕಲ್ ಮೋಟಾರಿನವನು ಕಣ್ಣುಜ್ಜಿಕೊಳ್ಳುತ್ತಿರುತ್ತಾನೆ. ಟೆಂಪೋದ ಹಿಂದೆ ಕಬ್ಬಿಣದ ಸರಳುಗಳು ಚಾಚಿರುತ್ತವೆ. ಅವುಗಳ ತುದಿಗೆ ಒಂದು ಕೆಂಪು ಚಿಂದಿ ಕಟ್ಟಿದ್ದರೆ ಎಲ್ಲ ಸರಿಯಾಯಿತೆಂದು ಭಾವನೆ. ಮಳೆಗಾಲದಲ್ಲಿ ತಾಡಪತ್ರಿಯ ಮಡಿಕೆಯಲ್ಲಿ ಕೊಡಗಟ್ಟಲೆ ನೀರು ನಿಂತು, ಗಾಡಿ ತಿರುವಿನಲ್ಲಿ ವಾಲಿದಾಗ ಪಕ್ಕದವನ ತಲೆಯ ಮೇಲೆ ಸುರಿಯುತ್ತದೆ. ಚಳಿ ದೇಶದಲ್ಲಿ ಇದೇ ನೀರು ಬರ್ಫವಾಗಿ ಕೊಲ್ಲುತ್ತದೆ. ಇಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿಸುತ್ತದೆ, ಆ ಒಂದು ಕ್ಷಣವೇ ಸಾಲುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 16 ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಮುಂದಿನ ಲಾರಿಯಿಂದ ಏನೋ ಬಿತ್ತೆಂದು ನಮ್ಮ ಮನಸ್ಸಿಗೆ ಹೊಳೆದು ಕಾಲು ಬ್ರೇಕನ್ನು ಮುಟ್ಟುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಕಣ್ಣಿಗೆ ಬೀಳದವೂ ಕೆಲವಿವೆ. ಖಡಿಯ ಕ್ವಾರಿಯಿಂದ ಬರುವ ಲಾರಿಯ ಹಿಂದಿನ ಜೋಡಿ ಗಾಲಿಗಳ ನಡುವೆ ಕಲ್ಲು ಸಿಕ್ಕಿಕೊಂಡಿರುತ್ತದೆ. ವೇಗ ಹೆಚ್ಚಿದಾಗ ಅದು ಕವಣೆಕಲ್ಲಿನಂತೆ ಸಿಡಿಯುವುದುಂಟು. ಹಿಂದಿನ ಫಳಿಯ ಕೊಂಡಿ ಸಡಿಲಾಗಿರುತ್ತದೆ. ಕೆಸರು ಮೆತ್ತಿ ಹಿಂದಿನ ಕೆಂಪು ದೀಪ ಕಾಣದಂತಾಗಿರುತ್ತದೆ. ನಮ್ಮ ಸೀಮೆಯ ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ, ಕೊಲ್ಲಾಪುರದ ರಸ್ತೆಗಳನ್ನು ರಾತ್ರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಅವುಗಳ ತುಂಬ ಕಬ್ಬು, ಕಬ್ಬಿನ ಗರಿ ಕೆಳಗೆ ಇಳಿಬಿದ್ದು ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಮುಚ್ಚಿಬಿಟ್ಟಿರುತ್ತದೆ. ಹಬ್ಬಕ್ಕೆಂದು ಊರಿಗೆ ಹೊರಟ ಹುಡುಗನು ಕತ್ತಲಲ್ಲಿ ಅದರ ಬೆನ್ನಿಗೆ ಬಡಿಯುತ್ತಾನೆ. ಆ ಗರಿಗಳನ್ನು ಕುಡುಗೋಲಿನಿಂದ ಸವರಿ ದೀಪವನ್ನು ಒರೆಸಲು ಎಷ್ಟು ಹೊತ್ತು ಬೇಕು? ಬೀಡಿ ಸೇದಿ ಮುಗಿಸುವಷ್ಟು.

ಈ ಉಪದೇಶ ಮಾಡಲು ನಮಗೇನು ಅಧಿಕಾರವೆಂದು ಕೇಳಬಹುದು. ಆದುದರಿಂದ ನಮ್ಮ ತಪ್ಪನ್ನೂ ಹೇಳಿಬಿಡುವೆವು. ನಾವು ಗಿರಣಿಯೊಂದರಲ್ಲಿ ಕಾರಕೂನರು. ಮಾಲು ಹೊರಗೆ ಹೋಗುವಾಗ ಚಲನಿನೊಡನೆ ತಾಳೆ ನೋಡಿ ಗೇಟ್ ಪಾಸಿಗೆ ಸಹಿ ಹಾಕುವುದು ನಮ್ಮ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಪಾಳಿ ಬಿಡುವ ಹೊತ್ತು, ಜಿಟಿಜಿಟಿ ಮಳೆ. ನೂಲಿನ ಚೀಲಗಳನ್ನು ಹೇರಿದ ಲಾರಿ ಗೇಟಿನಲ್ಲಿ ನಿಂತಿತ್ತು. ನಾವು ಚೀಲಗಳ ಲೆಕ್ಕ ಹಿಡಿದೆವು, ಲೆಕ್ಕ ಸರಿಯಾಗಿತ್ತು. "ಹಗ್ಗಾ ಬಿಗದೈತೇನೋ ಕಾಕಾ?" ಎಂದು ಕೊಡೆಯ ಕೆಳಗಿಂದಲೇ ಕೇಳಿದೆವು. ಚಾಲಕರು ನಮ್ಮ ಕಲಬುರ್ಗಿ ಕಡೆಯವರು, ವಯಸ್ಸಾದವರು. "ಹಮಾಲರು ಬಿಗದಾರ ನೋಡ್ರಿ ಸಾಹೇಬರ, ನೀವು ಸಹಿ ಹಾಕ್ರಿ" ಎಂದರು. ಹಾಕಿದೆವು. ಎರಡು ಮೈಲಿ ಹೋಗುವುದರೊಳಗೆ ವೇಗತಡೆಯ ಮೇಲೆ ಗಾಡಿ ಕುಲುಕಿ, ಹಿಂಬದಿಯ ಮೇಲಿನ ಚೀಲವೊಂದು ಜಾರಿ, ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದ ಸೈಕಲ್ಲಿನವನೊಬ್ಬನ ಮೇಲೆ ಬಿತ್ತು. ಅವನ ಭುಜದ ಎಲುಬು ಮುರಿಯಿತು. ಪ್ರಾಣ ಉಳಿದದ್ದು ಅವನ ಪುಣ್ಯ. ಪೊಲೀಸರು ಚಾಲಕರನ್ನು ಕರೆದೊಯ್ದರು. ಹಮಾಲರನ್ನು ಯಾರೂ ಕೇಳಲಿಲ್ಲ. ನಮ್ಮನ್ನಂತೂ ಯಾರೂ ಕೇಳಲಿಲ್ಲ. ನಮ್ಮ ಕಾಗದದಲ್ಲಿ ಲೆಕ್ಕ ಸರಿಯಾಗಿತ್ತಲ್ಲ!

ಅಂದಿನಿಂದ ಈ ಸಂಗತಿಯನ್ನು ಬಹಳ ಯೋಚಿಸಿದ್ದೇವೆ. ಹಮಾಲನಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ, ಆದ್ದರಿಂದ ಅವನಿಗೆ ಅವಸರ. ಚಾಲಕನಿಗೆ ಖೇಪಿನ ಲೆಕ್ಕದಲ್ಲಿ ಸಂಬಳ, ಅವನಿಗೂ ಅವಸರ. ಕಾರಕೂನನಿಗೆ ಬಸ್ಸು ತಪ್ಪುವ ಭಯ. ಪ್ರತಿಯೊಬ್ಬನೂ ಇನ್ನೊಬ್ಬನು ನೋಡಿರುವನೆಂದು ನಂಬುತ್ತಾನೆ. ಹಗ್ಗವನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ 194ನೆಯ ಕಲಮಿಗೆ ಹೊಸ ಭಾಗವೊಂದು ಸೇರಿತು. ಹೇರಿದ ಮಾಲು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿಮೀರಿ ಚಾಚಿದ್ದರೆ 20,000 ರೂಪಾಯಿ ದಂಡ, ಮೇಲೆ ಆ ಮಾಲನ್ನು ಇಳಿಸುವ ಖರ್ಚು. ಆ ಕೆಂಪು ಚಿಂದಿಯನ್ನು ನಂಬಿದವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ದಂಡವು ಗಾಡಿ ನಡೆಸುವವನಿಗೆ ಮಾತ್ರವಲ್ಲ, ಹಾಗೆ ನಡೆಸಲು ಹಚ್ಚಿದವನಿಗೂ ನಡೆಸಗೊಟ್ಟವನಿಗೂ ಸಲ್ಲುತ್ತದೆ. ಅಂದರೆ ಮಾಲಕನು ಹೊರಗುಳಿಯುವಂತಿಲ್ಲ. ಗೇಟಿನಲ್ಲಿ ಸಹಿ ಹಾಕುವವನು ಕೂಡ ಎದೆ ಮುಟ್ಟಿ ನೋಡಿಕೊಳ್ಳಬೇಕು.

ಇನ್ನೊಂದು ಕಲಮು ಹೆಚ್ಚು ಜನರಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮು ಅದು. ತನ್ನ ವಶದಲ್ಲಿರುವ ವಸ್ತುವನ್ನು ಸರಿಯಾಗಿ ಇಟ್ಟುಕೊಳ್ಳದೆ ಸಾರ್ವಜನಿಕ ರಸ್ತೆಯಲ್ಲಿ ಯಾರಿಗಾದರೂ ಅಪಾಯ, ಅಡ್ಡಿ ಅಥವಾ ಗಾಯವುಂಟಾಗಲು ಕಾರಣನಾದವನಿಗೆ 5,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಳೆಯ ದಂಡಸಂಹಿತೆಯಲ್ಲಿ ಇದೇ ಅಪರಾಧಕ್ಕೆ 200 ರೂಪಾಯಿ ಮಾತ್ರ ಇತ್ತು. ದಂಡದ ಮೊತ್ತ ಹಾಗಿರಲಿ, ಮಾತಿನ ಅರ್ಥವನ್ನು ನೋಡಿರಿ: ಮಾಡಿದ್ದಷ್ಟೇ ಅಲ್ಲ, ಮಾಡದೆ ಬಿಟ್ಟದ್ದೂ ಅಪರಾಧ. ನ್ಯೂಜೆರ್ಸಿಯ ಹುಡುಗನು ಬೆಳಗ್ಗೆ ಹಿಮ ಬಳಿಯುವುದಕ್ಕೂ ಇದಕ್ಕೂ ಮೂಲ ಒಂದೇ. ಇನ್ನು ಅಲಕ್ಷ್ಯದಿಂದ ಯಾರಾದರೂ ಸತ್ತರೆ 106ನೆಯ ಕಲಮಿನಂತೆ ಐದು ವರ್ಷದವರೆಗೂ ಸಜೆ ಆಗಬಹುದು.

ಈಗ ಕೆಲಸದ ಮಾತು. ಹತ್ತಿಯ ಒಂದು ಬೇಲು 170 ಕಿಲೋ. ಗಾಡಿ ಗಕ್ಕನೆ ನಿಂತಾಗ ಮಾಲು ಮುಂದಕ್ಕೆ ನುಗ್ಗುವ ಬಲವು ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟೆಂದೂ, ತಿರುವಿನಲ್ಲಿ ಪಕ್ಕಕ್ಕೆ ಐದು ಪಾಲಿನಷ್ಟೆಂದೂ ಯುರೋಪಿನ ಹೇರಿಕೆ ನಿಯಮಗಳಲ್ಲಿ ಲೆಕ್ಕ ಹಿಡಿಯುತ್ತಾರೆ. ಅಂದರೆ ಒಂದು ಬೇಲು ಮುಂದಕ್ಕೆ 136 ಕಿಲೋ, ಪಕ್ಕಕ್ಕೆ 85 ಕಿಲೋ ಜಗ್ಗುತ್ತದೆ. "ಭಾರದ ಮಾಲು, ತಾನಾಗಿ ಕೂತಿರುತ್ತದೆ" ಎಂಬ ಮಾತು ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುವುದು. ಹೇರಿದ ಮಾಲು ಮೊದಲ ಕೆಲವು ಮೈಲಿಗಳಲ್ಲಿ ಕುಲುಕಾಡಿ ಕೆಳಗೆ ಕೂರುತ್ತದೆ. ಆಗ ಗೇಟಿನಲ್ಲಿ ಬಿಗಿಯಾಗಿದ್ದ ಹಗ್ಗ ಸಡಿಲಾಗುತ್ತದೆ. ನಾರಿನ ಹಗ್ಗವಾದರೆ ನೆನೆದಾಗ ಬಿಗಿದು, ಒಣಗಿದಾಗ ಮತ್ತಷ್ಟು ಸಡಿಲು. ಆದ್ದರಿಂದ ಅಮೆರಿಕದಲ್ಲಿ ಟ್ರಕ್ಕಿನವನು ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಕಟ್ಟನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ರಸ್ತೆಗಳ ವೇಗತಡೆಗಳನ್ನು ನೋಡಿದರೆ ಐದು ಮೈಲಿಗೇ ಒಮ್ಮೆ ಇಳಿಯುವುದು ಲೇಸೆಂದು ನಮ್ಮ ಅಭಿಪ್ರಾಯ. ಹಗ್ಗ ಕೊರೆಯುವ ಚೂಪು ಅಂಚಿಗೆ ಹಳೆಯ ಟ್ಯೂಬಿನ ತುಂಡು ಇಟ್ಟು ಕಟ್ಟಿರಿ. ಹಮಾಲರು ಕಟ್ಟಿದ ಗಂಟನ್ನು ಚಾಲಕನೇ ಕೈಯಿಂದ ಜಗ್ಗಿ ನೋಡಲಿ. ತಾಡಪತ್ರಿಯ ಮೇಲೆ ನಿಂತ ನೀರನ್ನು ಹೊರಡುವ ಮೊದಲು ಕೋಲಿನಿಂದ ಎತ್ತಿ ಚೆಲ್ಲಿರಿ. ಜೋಡಿ ಗಾಲಿಯ ನಡುವೆ ಕಣ್ಣಾಡಿಸಿರಿ. ಹಿಂದಿನ ದೀಪಗಳಿಗೆ ಒಂದು ಒದ್ದೆ ಅರಿವೆ ಸಾಕು.

ಇಷ್ಟಾದರೂ ಏನಾದರೂ ಬಿದ್ದು ಗಾಯವಾದರೆ ಓಡಿಹೋಗಬೇಡಿರಿ. ಮೋಟಾರು ಕಾಯಿದೆಯ 134ನೆಯ ಕಲಮಿನಂತೆ ಗಾಯಗೊಂಡವನಿಗೆ ಔಷಧೋಪಚಾರ ದೊರಕಿಸುವುದು ಚಾಲಕನ ಕರ್ತವ್ಯ. ಜನರ ರೋಷಕ್ಕೆ ಅಂಜಿ ನಿಲ್ಲಲಾಗದಿದ್ದರೆ 24 ತಾಸಿನೊಳಗೆ ಹತ್ತಿರದ ಠಾಣೆಗೆ ವರದಿ ಕೊಡಬೇಕು. ಗಾಯಾಳುವಿಗೆ ನೆರವಾದ ದಾರಿಹೋಕನನ್ನು ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಗಾಯಗೊಂಡವರಿಗೂ ಒಂದು ಮಾತು. ಗಾಡಿ ಬಡಿಯಲಿಲ್ಲ, ಮಾಲು ಬಿತ್ತು, ಆದ್ದರಿಂದ ಪರಿಹಾರ ಸಿಗದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನಾವೆಲ್ಲ ಊರಿಗೆ ಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯ ಕವಠೆ ಗ್ರಾಮದ ಬಳಿ, 1987ರ ಅಕ್ಟೋಬರ್ 29ರ ನಸುಕಿನಲ್ಲಿ ಪೆಟ್ರೋಲಿನ ಟ್ಯಾಂಕರಿಗೂ ಟ್ರಕ್ಕಿಗೂ ಡಿಕ್ಕಿಯಾಗಿ ಟ್ಯಾಂಕರು ಉರುಳಿತು. ಪೆಟ್ರೋಲು ಸೋರುತ್ತಲೇ ಇತ್ತು. ಸುಮಾರು ನಾಲ್ಕು ತಾಸಿನ ಮೇಲೆ ಬೆಂಕಿ ಹತ್ತಿ ಸಿಡಿದು, ಅಲ್ಲಿ ಕೂಡಿದ್ದ ಜನ ಸತ್ತರು. ಉರುಳಿ ಬಿದ್ದ ಗಾಡಿ ಉಪಯೋಗದಲ್ಲಿ ಇರಲಿಲ್ಲವೆಂದು ವಾದ ನಡೆಯಿತು. ಸುಪ್ರೀಂ ಕೋರ್ಟು 1991ರಲ್ಲಿ ಆ ವಾದವನ್ನು ಒಪ್ಪದೆ, ವಾಹನದ "ಉಪಯೋಗ" ಎಂಬ ಶಬ್ದಕ್ಕೆ ವಿಶಾಲವಾದ ಅರ್ಥವಿದೆಯೆಂದು ತೀರ್ಪು ಕೊಟ್ಟಿತು. ನಮ್ಮವರು ಅರ್ಜಿ ಹಾಕಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಆರು ತಿಂಗಳೊಳಗೆ ಹಾಕುವುದು ಕ್ಷೇಮ.

ನಾವು ಹೇಳಿದ ಆ ಚಾಲಕರು ಈಗಲೂ ನಮ್ಮ ಗಿರಣಿಗೆ ಬರುತ್ತಾರೆ. ಸಹಿ ಹಾಕುವ ಮೊದಲು ನಾವು ಲಾರಿಯ ಸುತ್ತ ಒಂದು ಸುತ್ತು ಬರುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಮೊದಮೊದಲು ಬೇರೆ ಚಾಲಕರು ಗೊಣಗಿದರು, ನಮ್ಮ ಮೇಲಿನವರೂ ಹೊತ್ತು ಹೋಗುತ್ತದೆಂದು ಮುಖ ಸಿಂಡರಿಸಿದರು. ಆ ಹಿರಿಯರು ಮಾತ್ರ ಏನೂ ಅನ್ನಲಿಲ್ಲ. ಈಗ ಗೇಟಿನಲ್ಲಿ ನಮ್ಮನ್ನು ಕಂಡೊಡನೆ ತಾವೇ ಕೆಳಗಿಳಿದು, "ಬರ್ರಿ ಸಾಹೇಬರ, ಪ್ರದಕ್ಷಿಣಿ ಹಾಕೂಣು" ಎನ್ನುತ್ತಾರೆ.