ಓಟದ ಫೋಟೊ ಏಕೆ ಮಸುಕಾಯಿತು?
ಶಾಲೆಗೆ ಕ್ಯಾಮೆರಾ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ



ತುರುವೇಕೆರೆ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಕ್ರೀಡಾಕೂಟದ ಫೋಟೊಗಳನ್ನು ಗೋಡೆಗೆ ಅಂಟಿಸಿದ್ದರು. 100 ಮೀಟರ್ ಓಟದಲ್ಲಿ ಮೊದಲು ಬಂದಿದ್ದ ಏಳನೇ ತರಗತಿಯ ಹುಡುಗಿ ಅದರಲ್ಲಿ ತನ್ನನ್ನು ಹುಡುಕುತ್ತಿದ್ದಳು. "ಇದ್ರಲ್ಲಿ ನಾನೆಲ್ಲಿದ್ದೀನಿ ಸಾರ್?" ಎಂದು ಕೇಳಿದಳು. ಅವಳಿದ್ದ ಜಾಗದಲ್ಲಿ ಒಂದು ನೀಲಿ ಗೆರೆಯಷ್ಟೇ ಇತ್ತು. ಜೂನ್ ಬಂದರೆ ಅವಳು ಬೇರೆ ಶಾಲೆಗೆ ಹೋಗುವವಳು.

"ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾ ತರಬೇಕು" ಎಂದರು ಮುಖ್ಯೋಪಾಧ್ಯಾಯರು. ಕೊಬ್ಬರಿ ಮಾರಿದ ಮನೆಗಳಿಗೆಲ್ಲ ಹೋಗಿ ಎಸ್‌ಡಿಎಂಸಿಯವರು ಹಣ ಕೂಡಿಸಿದ್ದರು. ಆ ಹಣ ವ್ಯರ್ಥವಾಗಬಾರದಲ್ಲವೇ? ಬನ್ನಿ, ಕಾರಣ ಹುಡುಕೋಣ.

ಅವಳು ಎಷ್ಟು ಸರಿದಳು?

ಅವಳು 100 ಮೀಟರನ್ನು 16 ಸೆಕೆಂಡಿನಲ್ಲಿ ಓಡಿದ್ದಳು. ಅಂದರೆ ವೇಗ ಸೆಕೆಂಡಿಗೆ 6.25 ಮೀಟರ್. ಕ್ಯಾಮೆರಾದ ಷಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅವಳು ಸುಮಾರು 10 ಸೆಂ.ಮೀ. ಮುಂದೆ ಸರಿದಿರುತ್ತಾಳೆ. ಮುಖದ ಅಗಲವೇ ಹೆಚ್ಚುಕಡಿಮೆ ಅಷ್ಟು! 1/500 ಸೆಕೆಂಡ್ ಆದರೆ ಸರಿಯುವುದು ಕೇವಲ 1.25 ಸೆಂ.ಮೀ. ಹಾಗಾಗಿ ಓಟದ ಫೋಟೊಗೆ 1/500 ಅಥವಾ ಅದಕ್ಕಿಂತ ಕಡಿಮೆ ಅವಧಿ ಬೇಕು.

ಓಟ ನಡೆದದ್ದು ಸಂಜೆ, ತೆಂಗಿನ ಮರಗಳ ನೆರಳಿನಲ್ಲಿ. ಬೆಳಕು ಸಾಲದ್ದರಿಂದ ಕ್ಯಾಮೆರಾ ತಾನಾಗಿಯೇ ಷಟರನ್ನು ಹೆಚ್ಚು ಹೊತ್ತು ತೆರೆದಿತ್ತು. ತೊಂದರೆ ಮೆಗಾಪಿಕ್ಸೆಲ್‌ನದಲ್ಲ, ಬೆಳಕಿನದು.

ಚೊಂಬೋ, ಬೋಗುಣಿಯೋ?

ಮಳೆಯಲ್ಲಿ ಅಂಗಳದಲ್ಲಿ ಚೊಂಬು, ಬೋಗುಣಿ ಎರಡನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಸೇರುತ್ತದೆ? ಬಾಯಿ ಅಗಲವಿರುವುದರಲ್ಲಿ. ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಭಾಗ ಸೆನ್ಸಾರ್. ಅನೇಕ ಪುಟ್ಟ ಕ್ಯಾಮೆರಾಗಳಲ್ಲಿ ಅದು ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರ ಇರುತ್ತದೆ. ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ವಿಸ್ತೀರ್ಣ ಗುಣಿಸಿ ನೋಡಿ: ಸುಮಾರು 14 ಪಟ್ಟು ದೊಡ್ಡದು!

ಲೆನ್ಸಿನ ಮೇಲಿರುವ 'ಎಫ್' ಸಂಖ್ಯೆಯನ್ನೂ ಗಮನಿಸಿ. ಈ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಎಫ್/5.6ಕ್ಕಿಂತ ಎಫ್/2.8ರಲ್ಲಿ 4 ಪಟ್ಟು ಬೆಳಕು ಸಿಗುತ್ತದೆ. ಆಗ 1/125 ಇದ್ದ ಅವಧಿಯನ್ನು 1/500ಕ್ಕೆ ಇಳಿಸಬಹುದು.

ಮೆಗಾಪಿಕ್ಸೆಲ್ ಎಷ್ಟು ಸಾಕು?

ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕೆಗಳು. 4 × 6 ಅಂಗುಲದ ಫೋಟೊವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಲು 1200 × 1800, ಅಂದರೆ ಸುಮಾರು 22 ಲಕ್ಷ ಚುಕ್ಕೆ ಸಾಕು. ಶಾಲಾ ಸಂಚಿಕೆಯ ಎ4 ಪುಟ ತುಂಬಲು ಸುಮಾರು 9 ಮೆಗಾಪಿಕ್ಸೆಲ್ ಬೇಕು. ಹಾಗಾಗಿ 12 ಇದ್ದರೆ ಧಾರಾಳ.

ಕೊಳ್ಳುವಾಗ ನೋಡಿ

* ಷಟರ್ ಅವಧಿಯನ್ನು ನಾವೇ ಹೊಂದಿಸಲು ಬರುತ್ತದೆಯೇ?
* ಜೂಮ್ ಲೆನ್ಸಿನದೋ (ಆಪ್ಟಿಕಲ್), ಡಿಜಿಟಲ್ಲೋ? 2 ಪಟ್ಟು ಡಿಜಿಟಲ್ ಜೂಮ್ ಮಾಡಿದರೆ ಉಳಿಯುವುದು ನಾಲ್ಕನೇ ಒಂದು ಭಾಗ ಚುಕ್ಕೆ ಮಾತ್ರ.
* ಮೊಬೈಲಿನ ಸ್ಟಾಪ್‌ವಾಚ್ ಓಡಿಸಿ, 5 ಸೆಕೆಂಡ್ ಆದಾಗ ಗುಂಡಿ ಒತ್ತಿ. ಫೋಟೊದಲ್ಲಿ 5.8 ಎಂದಿದ್ದರೆ ಓಟಗಾರ ಅಷ್ಟರಲ್ಲಿ ಗೆರೆ ದಾಟಿರುತ್ತಾನೆ! ನಿಮ್ಮ ಬೆರಳಿನ ನಿಧಾನವೂ ಇದರಲ್ಲಿ ಸೇರಿದೆ. ಆದ್ದರಿಂದ ಹಲವು ಸಲ ಮಾಡಿ ನೋಡಿ.
* ಹಳೆಯದನ್ನು ಕೊಳ್ಳುವುದಾದರೆ ಅದರ ಬ್ಯಾಟರಿ, ಕಾರ್ಡ್ ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿ.

ಹಣ ಕಡಿಮೆ ಇದ್ದಾಗ ಸುಸ್ಥಿತಿಯಲ್ಲಿರುವ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ 50 ಮಿ.ಮೀ. ಎಫ್/1.8 ಲೆನ್ಸ್ ಒಳ್ಳೆಯ ಆಯ್ಕೆ. ನಮ್ಮ ಶಾಲೆಗಳ ಮೈದಾನ ಚಿಕ್ಕದು, ಹತ್ತಿರ ನಿಂತು ತೆಗೆಯಬಹುದು.

ಕಾಸಿಲ್ಲದ ಉಪಾಯ

ಓಟವನ್ನು ನೆರಳಿನಿಂದ ಬಯಲಿಗೆ ತನ್ನಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಅಡ್ಡಲಾಗಿ ಓಡುವವರಿಗಿಂತ ಎದುರಿಗೆ ಓಡಿ ಬರುವವರ ಚಿತ್ರ ಕಡಿಮೆ ಮಸುಕಾಗುತ್ತದೆ. ಎತ್ತರ ಜಿಗಿತದಲ್ಲಿ ಮೇಲಿನ ತುದಿ ತಲುಪಿದ ಕ್ಷಣ ಏರುವಿಕೆ ನಿಂತಿರುತ್ತದೆ. ಆಗಲೇ ಗುಂಡಿ ಒತ್ತಿ.

ಮರುವಾರ ಹೀಗೆಯೇ ಆ ಹುಡುಗಿಯನ್ನು ಬಯಲಿನಲ್ಲಿ ಓಡಿಸಿ, ಮೇಷ್ಟ್ರ ಮೊಬೈಲಿನಲ್ಲೇ ಫೋಟೊ ತೆಗೆದೆವು. ಅವಳ ಮುಖ ಕಂಡಿತು, ಕಾಲಿನಿಂದೆದ್ದ ಧೂಳೂ ಕಂಡಿತು. ಅದು ಅವಳು ಗೆದ್ದ ಓಟವಲ್ಲ ನಿಜ. ಆದರೆ "ಇದು ನಾನೇ" ಎಂದು ಅವಳು ಮನೆಗೆ ಒಯ್ದಳು. ಕ್ಯಾಮೆರಾದ ಹಣ ಇನ್ನೂ ಪೆಟ್ಟಿಗೆಯಲ್ಲಿತ್ತು. ಈಗ ಏನು ಕೊಳ್ಳಬೇಕೆಂದು ಅವರಿಗೆ ಗೊತ್ತಿತ್ತು.

ನಿಮಗೆ ಗೊತ್ತೇ?
ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆದು, ಹೌದೆಂದು ತೋರಿಸಿದರು.

ಮಾಡಿ ನೋಡಿ
ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸಿ. ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಕೋಣೆಯೊಳಗೆ ಫೋಟೊ ತೆಗೆಯಿರಿ. ಎಲ್ಲಿ ಕಡ್ಡಿಗಳನ್ನು ಎಣಿಸಲು ಸಾಧ್ಯವಾಯಿತು? ಏಕೆ?