ಬಿಪಿಗೆ ಡಾರ್ಕ್ ಚಾಕೊಲೇಟ್ ಮದ್ದಾಗುತ್ತದೆಯೇ?

ಚಾಕೊಲೇಟ್ ತಿನ್ನಲು ಶುರುಮಾಡಿದ ಮೇಲೆ ನಿಮ್ಮ ತಂದೆಯವರು ಬಿಪಿ ಮಾತ್ರೆ ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇವತ್ತೇ ಅವರ ವೈದ್ಯರಿಗೆ ಫೋನ್ ಮಾಡಿ. ಮಿಕ್ಕ ಮಾತು ಆಮೇಲೆ.

ಕೋಕೋದಲ್ಲಿರುವ ಫ್ಲೇವನಾಲ್‌ಗಳು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ, ನಾಳ ಹಿಗ್ಗಲು ನೆರವಾಗುತ್ತವೆ. ಇದು ನಿಜ. ಆದರೆ ಎಷ್ಟು? ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ಕಾಕ್ರೇನ್ ವರದಿಯ ಪ್ರಕಾರ ಸರಾಸರಿ ಇಳಿಕೆ 2 ಪಾಯಿಂಟ್‌ಗಿಂತ ಕಡಿಮೆ. 160 ಇರುವವರಿಗೆ ಅದು ಯಾವ ಮೂಲೆಗೆ ಸಾಕು? ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೆ ಇದಕ್ಕಿಂತ ಹೆಚ್ಚು ಲಾಭವಿದೆ.

2022ರಲ್ಲಿ ಪ್ರಕಟವಾದ ಅಮೆರಿಕದ ಕಾಸ್ಮಾಸ್ ಅಧ್ಯಯನದಲ್ಲಿ 21,000ಕ್ಕೂ ಹೆಚ್ಚು ಹಿರಿಯರಿದ್ದರು. ಅವರಲ್ಲಿ ಅರ್ಧದಷ್ಟು ಜನ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕೋಕೋ ಸಾರ ಸೇವಿಸಿದರು. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿದ ಲೆಕ್ಕದಲ್ಲಿ ಖಚಿತ ಇಳಿಕೆ ಕಾಣಲಿಲ್ಲ; ಹೃದ್ರೋಗದ ಸಾವುಗಳು ಮಾತ್ರ ಕಡಿಮೆಯಾದವು. ನೆನಪಿಡಿ, ಅವರು ಸೇವಿಸಿದ್ದು ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ.

ಹಾಗೆಂದು ಪೂರ್ತಿ ಬಿಡಿಸಬೇಕಿಲ್ಲ. ಪೊಟ್ಟಣದ ಹಿಂಭಾಗ ಓದಿ: ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಬಣ್ಣ ನೋಡಿಯೂ ಮೋಸಹೋಗಬೇಡಿ. ಕ್ಷಾರ ಬೆರೆಸಿ ಸಂಸ್ಕರಿಸಿದ ಕೋಕೋ ಇನ್ನಷ್ಟು ಕಪ್ಪಗಾಗುತ್ತದೆ, ಆದರೆ ಫ್ಲೇವನಾಲ್‌ನ ದೊಡ್ಡ ಪಾಲು ಕಳೆದುಕೊಂಡಿರುತ್ತದೆ. ಶೇ 70ರ ಡಾರ್ಕ್ ಚಾಕೊಲೇಟ್ 100 ಗ್ರಾಂ ತಿಂದರೆ ಸುಮಾರು 600 ಕ್ಯಾಲೊರಿ. ಊಟದ ನಂತರ ಒಂದೆರಡು ಚಿಕ್ಕ ತುಂಡು, ರುಚಿಗೆಂದು, ಸಾಕು. ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಅದನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಕೋಕೋದಲ್ಲಿ ಆಕ್ಸಲೇಟ್ ಜಾಸ್ತಿ.